ಹನ್ನೆರಡು ಹೆಸರು, ಬರೆದವರು ಮೂವರು: ಆನ್‌ಲೈನ್‌ನಲ್ಲಿ ಕೂಡಿ ಬರೆಸುವುದು ನರ್ಸಿಂಗ್ ಮಕ್ಕಳಿಗೆ ಬೇಕಾ?

ಪ್ರಶ್ನೆ: ನಾನು ಮಂಡ್ಯದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಪಾಠ ಮಾಡುತ್ತೇನೆ. ತರಗತಿಯಲ್ಲಿ 60 ಮಕ್ಕಳಿದ್ದಾರೆ. ಈ ಸಲ 12 ಜನರ ಐದು ಗುಂಪು ಮಾಡಿ, ಹಾವು ಕಡಿತದ ಬಗ್ಗೆ ಗೂಗಲ್ ಡಾಕ್ಸ್‌ನಲ್ಲಿ ಎಲ್ಲರೂ ಸೇರಿ ಬರೆಯಿರಿ ಎಂದು ಕೊಟ್ಟೆ. ಲಿಂಕನ್ನು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಪ್ರತಿ ಗುಂಪಿನಲ್ಲೂ ಮೂರು ಜನ ಬರೆದರು, ಉಳಿದವರು ಹೆಸರು ಸೇರಿಸಿದರು. ಒಂದು ಗುಂಪಿನದು ಪೂರ್ತಿ ಎಲ್ಲಿಂದಲೋ ತಂದು ಅಂಟಿಸಿದ್ದು. ತಾನು ಬರೆದದ್ದನ್ನು ಇನ್ನೊಬ್ಬ ಅಳಿಸಿದ ಅಂತ ಒಬ್ಬಳು ಅತ್ತುಕೊಂಡು ಬಂದಳು. ಒಬ್ಬ ಹುಡುಗ ಪೋಸ್ಟಿಂಗ್‌ನಲ್ಲಿ ತೆಗೆದ ಆಸ್ಪತ್ರೆ ರೋಗಿಯ ಕೇಸ್ ಶೀಟ್ ಫೋಟೊ ಹಾಕಿಬಿಟ್ಟಿದ್ದ, ಹೆಸರಿನ ಮೇಲೆ ಬೆರಳು ಇಟ್ಟು ತೆಗೆದದ್ದು. ಕನ್ನಡ ಮೀಡಿಯಂನಿಂದ ಬಂದವರು ಒಂದು ಸಾಲೂ ಬರೆಯಲಿಲ್ಲ. ಪ್ರಿನ್ಸಿಪಾಲರು, ‘ಪರೀಕ್ಷೆ ಹತ್ತಿರ ಇದೆ, ಇದೆಲ್ಲ ಯಾಕಮ್ಮಾ’ ಅನ್ನುತ್ತಿದ್ದಾರೆ. ಬಿಟ್ಟುಬಿಡಲಾ? ಮುಂದುವರಿಸುವುದಾದರೆ ಅಂಕ ಹೇಗೆ ಕೊಡಲಿ? ಚೆನ್ನಾಗಿ ಬಂದದ್ದನ್ನು ವಿಕಿಪೀಡಿಯಕ್ಕೆ ಹಾಕಬಹುದಾ?

ಉತ್ತರ: ಮೇಡಂ, ಬೇರೆ ಮಾತಿಗೆ ಮೊದಲು ಆ ಕೇಸ್ ಶೀಟ್ ಫೋಟೊ. ಆ ಕೆಲಸ ಇವತ್ತೇ ಮುಗಿಸಿ. ಪುಟದಿಂದ ಫೋಟೊ ಅಳಿಸಿದರೆ ಸಾಲದು. ಗೂಗಲ್ ಡಾಕ್ಸ್ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಂಡಿರುತ್ತದೆ. ತಿದ್ದುವ ಅನುಮತಿ ಇರುವ ಯಾರಾದರೂ ‘ವರ್ಷನ್ ಹಿಸ್ಟರಿ’ ತೆರೆದು ಆ ಫೋಟೊವನ್ನು ಮತ್ತೆ ನೋಡಬಹುದು. ಹಾಗಾಗಿ ಬೇಕಾದ ಬರಹವನ್ನು ಮಾತ್ರ ಹೊಸ ಡಾಕ್ಯುಮೆಂಟಿಗೆ ನಕಲು ಮಾಡಿ. ಹಳೆಯದನ್ನು ಯಾರು ಶುರು ಮಾಡಿದ್ದರೋ ಅವರ ಕೈಯಲ್ಲೇ ಅಳಿಸಿ, ಟ್ರ್ಯಾಶ್‌ನಿಂದಲೂ ತೆಗೆಸಿ. ಹುಡುಗನ ಫೋನ್ ಗ್ಯಾಲರಿಯಲ್ಲಿ ಆ ಫೋಟೊ ಇನ್ನೂ ಇದೆಯಾ, ಯಾರಿಗಾದರೂ ಕಳಿಸಿದ್ದಾನಾ ಎಂದು ಕೇಳಿ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೂ ವಿಷಯ ತಿಳಿಸಿ. ಹುಡುಗನನ್ನು ಕ್ಲಾಸಿನ ಮುಂದೆ ನಿಲ್ಲಿಸಿ ಬೈಯುವುದು ಬೇಡ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಹೆಸರು ಮುಚ್ಚುವಷ್ಟು ಎಚ್ಚರ ಇತ್ತು. ಹೆಸರು ಮುಚ್ಚಿದರೆ ಗುರುತು ಮುಚ್ಚಿತು ಅಂತ ಅಂದುಕೊಂಡ, ಅಷ್ಟೆ.

ಹಾಗೆ ಅಂದುಕೊಳ್ಳುವವರು ಡಾಕ್ಟರುಗಳಲ್ಲೂ ಇದ್ದಾರೆ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ, 34 ವರ್ಷದ ಗಂಡಸು, ಕಬ್ಬು ಕಡಿಯುವಾಗ ಹಾವು ಕಚ್ಚಿದೆ, ಡಯಾಲಿಸಿಸ್ ಆಗಿದೆ, ಇಂಥ ತಾರೀಕು. ಇಷ್ಟು ಬರೆದರೆ ಆ ಹಳ್ಳಿಯ ಪ್ರತಿಯೊಬ್ಬರಿಗೂ ಅದು ಯಾರು ಎಂದು ಗೊತ್ತಾಗುತ್ತದೆ. ಊರು, ತಾರೀಕು, ವಯಸ್ಸು, ಕೆಲಸ ಇವೆಲ್ಲ ಸೇರಿದರೆ ಹೆಸರಿನಷ್ಟೇ ಗುರುತು ಕೊಡುತ್ತವೆ. ರೋಗಿಯ ಗುಟ್ಟು ಕಾಯುವುದು ವೈದ್ಯರ ವೃತ್ತಿನೀತಿಯ 2002ರ ನಿಯಮಗಳಲ್ಲೇ ಇದೆ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಗೆಂದೇ 2023ರಲ್ಲಿ ಕೇಂದ್ರದ ಕಾನೂನು ಬಂದಿದೆ. ನಿಮ್ಮ ಮಕ್ಕಳಿಗೆ ಒಂದೇ ನಿಯಮ ಸಾಕು: ನಿಜವಾದ ರೋಗಿಯ ಯಾವ ವಿವರವೂ ಆನ್‌ಲೈನ್ ಪುಟಕ್ಕೆ ಹೋಗಬಾರದು. ಉದಾಹರಣೆ ಬೇಕಾದರೆ ಕಲ್ಪಿಸಿಕೊಂಡು ಬರೆಯಲಿ, ‘ಇದು ಕಲ್ಪಿತ’ ಎಂದು ಮೇಲೆ ಹಾಕಲಿ.

ಇನ್ನು ನಿಮ್ಮ ಪ್ರಶ್ನೆ. ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಈಗ ಮಾಡಿದ ರೀತಿಯಲ್ಲಿ ಮುಂದುವರಿಸಲೂ ಬೇಡಿ.

ಬಿಡಬೇಡಿ ಅನ್ನುವುದು ಯಾಕೆ ಅಂದರೆ, ಒಂದೇ ಬರಹವನ್ನು ಹಲವರು ಸೇರಿ ಬರೆಯುವುದು ಈ ಮಕ್ಕಳ ವೃತ್ತಿಯ ದಿನನಿತ್ಯದ ಕೆಲಸ. ವಾರ್ಡಿನಲ್ಲಿ ಒಂದು ಕೇಸ್ ಶೀಟ್ ತೆಗೆದು ನೋಡಿ. ಡ್ಯೂಟಿ ಡಾಕ್ಟರ್ ಬರೆದಿರುತ್ತಾರೆ, ಬೆಳಗಿನ ಸಿಸ್ಟರ್ ಬರೆದಿರುತ್ತಾರೆ, ನೈಟ್ ಡ್ಯೂಟಿಯವರು ಬರೆದಿರುತ್ತಾರೆ. ಫಿಸಿಯೋಥೆರಪಿಯವರ ಒಂದು ಸಾಲು, ಡಯಟೀಷಿಯನ್‌ದು ಒಂದು ಸಾಲು. ಮೊದಲಿನವರು ಬರೆದದ್ದನ್ನು ಓದದೆ ಮುಂದಿನವರು ಬರೆದರೆ ರೋಗಿಗೆ ಪೆಟ್ಟು ಬೀಳುತ್ತದೆ. ಎರಡು ಸಲ ಇಂಜೆಕ್ಷನ್ ಹೋಗಬಹುದು, ಅಲರ್ಜಿಯ ವಿಷಯ ಒಂದು ಪುಟದಲ್ಲೇ ಉಳಿದುಬಿಡಬಹುದು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲೇ ಇದನ್ನು ಗಟ್ಟಿಯಾಗಿ ಹೇಳಿದರು. ರೋಗಿಯ ದಾಖಲೆ ಸುಮ್ನೆ ಗೀಚಿಟ್ಟ ಟಿಪ್ಪಣಿಯಲ್ಲ, ಅದು ಚಿಕಿತ್ಸೆಗೆ ದಾರಿ ತೋರಿಸಬೇಕು, ಓದಿದವರಿಗೆ ಕಲಿಸಲೂಬೇಕು ಎಂಬುದು ಅವರ ವಾದ. ರೋಗಿ ಹೇಳಿದ್ದು, ನಾವು ಕಂಡದ್ದು, ನಮ್ಮ ಅಂದಾಜು, ಮುಂದಿನ ಯೋಜನೆ ಎಂದು ನಾಲ್ಕು ಭಾಗ ಮಾಡಿ ಬರೆಯಲು ಈಗ ನಾವು ಕಲಿಸುವ ‘ಸೋಪ್’ ನೋಟ್ ಅವರ ಕೆಲಸದಿಂದಲೇ ಬಂದದ್ದು.

ಆದರೆ ನಮ್ಮ ಮಕ್ಕಳು ಕಾಲೇಜಿನಲ್ಲಿ ಇರುವಷ್ಟು ಕಾಲವೂ ಒಬ್ಬೊಬ್ಬರೇ ಬರೆಯುತ್ತಾರೆ. ರೆಕಾರ್ಡ್ ಬುಕ್ ಒಬ್ಬರದೇ, ಉತ್ತರ ಪತ್ರಿಕೆ ಒಬ್ಬರದೇ. ಇನ್ನೊಬ್ಬರ ವಾಕ್ಯ ಓದಿ, ‘ಇದು ಸರಿ ಇಲ್ಲ’ ಎಂದು ಗೌರವದಿಂದ ಹೇಳುವುದನ್ನು ಯಾರೂ ಕಲಿಸುವುದಿಲ್ಲ. ತನ್ನ ವಾಕ್ಯವನ್ನು ಇನ್ನೊಬ್ಬರು ತಿದ್ದಿದಾಗ ಅವಮಾನ ಅಂದುಕೊಳ್ಳದೆ ಇರುವುದನ್ನೂ ಕಲಿಸುವುದಿಲ್ಲ. ನಿಮ್ಮ ಹತ್ತಿರ ಅತ್ತುಕೊಂಡು ಬಂದಳಲ್ಲ ಆ ಹುಡುಗಿ, ಅವಳಿಗೆ ಇದು ಮೊದಲ ಸಲ. ಕ್ಲಾಸಿನಲ್ಲಿ ಇದು ಆದದ್ದೇ ಒಳ್ಳೆಯದಾಯಿತು.

ಸೇರಿ ಬರೆಯುವುದು ಅಂದರೆ ಹಂಚಿಕೊಳ್ಳುವುದಲ್ಲ

ಈ ಮಕ್ಕಳ ಕೈಯಲ್ಲಿ ಹಗಲೂ ರಾತ್ರಿ ಫೋನ್ ಇರುತ್ತದೆ, ಗೂಗಲ್ ಡಾಕ್ಸ್ ಇವರಿಗೆ ಹೇಳಿಕೊಡಬೇಕಾ ಅಂತ ನಾವು ಅಂದುಕೊಳ್ಳುತ್ತೇವೆ. ಹೇಳಿಕೊಡಬೇಕು. ರೀಲ್ಸ್ ಮಾಡಲು ಬರುವವರಿಗೆ ಮೂಲ ಅಳಿಸದೆ ತಿದ್ದುಪಡಿ ಸೂಚಿಸುವ ‘ಸಜೆಸ್ಟಿಂಗ್’ ಅನ್ನುವ ಆಯ್ಕೆ ಇದೆ ಎಂದು ಗೊತ್ತಿರುವುದಿಲ್ಲ. ಕಾಮೆಂಟ್ ಹಾಕುವುದು ಹೇಗೆ ಗೊತ್ತಿರುವುದಿಲ್ಲ. ಒಂದು ಗಂಟೆ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ತೋರಿಸಿದರೆ ಮುಂದಿನ ಅರ್ಧ ತೊಂದರೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. ಗುಂಪಿನ ಕೆಲಸ ಅಂದ ಕೂಡಲೇ ಮಕ್ಕಳು ಹಂಚಿಕೊಳ್ಳುತ್ತಾರೆ. ನೀನು ಲಕ್ಷಣ ಬರಿ, ನಾನು ಚಿಕಿತ್ಸೆ ಬರೀತೀನಿ, ಅವಳು ತಡೆಗಟ್ಟುವಿಕೆ. ಕೊನೆಯ ರಾತ್ರಿ ಎಲ್ಲ ಒಂದು ಕಡೆ ಅಂಟಿಸುತ್ತಾರೆ. ಅದು ಐದು ಸಣ್ಣ ಪ್ರಬಂಧಗಳ ಕಟ್ಟು. ಚಿಕಿತ್ಸೆ ಬರೆದವನಿಗೆ ಲಕ್ಷಣ ಗೊತ್ತಿರುವುದಿಲ್ಲ. ಇದಕ್ಕೆ ಆನ್‌ಲೈನ್ ಪುಟವೇ ಬೇಡ, ಐದು ಹಾಳೆ ಪಿನ್ ಮಾಡಿದರೂ ನಡೆಯುತ್ತದೆ.

ಕಲಿಕೆ ಎಲ್ಲಿ ಆಗುತ್ತದೆ ಅಂದರೆ ಒಂದೇ ವಾಕ್ಯದ ಮೇಲೆ ಇಬ್ಬರ ಕಣ್ಣು ಬಿದ್ದಾಗ. ನಿಮ್ಮ ವಿಷಯದ್ದೇ ಉದಾಹರಣೆ ಕೊಡುತ್ತೇನೆ. ಮೈಸೂರಿನಲ್ಲಿ ಮೆಡಿಕಲ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳನ್ನು ಸೇರಿಸಿ, ತುರ್ತು ವಿಭಾಗದವರಿಗೆ ಹಾವು ಕಡಿತದ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆಯಲು ಕೊಟ್ಟಿದ್ದೆ. ಹಾವಿನ ವಿಷಕ್ಕೆ ಕೊಡುವ ಮದ್ದು ಎ.ಎಸ್‌.ವಿ. ಬಗ್ಗೆ ಒಬ್ಬಳು ಬರೆದಳು: ‘ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಎ.ಎಸ್‌.ವಿ. ಕಡಿಮೆ ಕೊಡಬೇಕು.’ ಓದಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಮಕ್ಕಳಿಗೆ ಬಹುತೇಕ ಔಷಧಿಯನ್ನು ತೂಕ ನೋಡಿಯೇ ಕೊಡುತ್ತೇವೆ. ಪುಟದಲ್ಲಿ ಇದ್ದವರಲ್ಲಿ ಯಾರಿಗೂ ಅನುಮಾನ ಬರಲಿಲ್ಲ, ಒಬ್ಬ ಹುಡುಗನಿಗೆ ಬಿಟ್ಟು. ಅವನು ಪಕ್ಕದಲ್ಲಿ ಒಂದು ಕಾಮೆಂಟ್ ಹಾಕಿದ: ‘ಇದು ಎಲ್ಲಿದೆ?’ ಅವಳು ಹುಡುಕಿದಳು. ಸಿಗಲಿಲ್ಲ. ಮಾರ್ಗಸೂಚಿಯಲ್ಲಿ ಇದ್ದದ್ದು ಅದಕ್ಕೆ ಪೂರ್ತಿ ಉಲ್ಟಾ: ಮಕ್ಕಳಿಗೂ ದೊಡ್ಡವರಷ್ಟೇ ಡೋಸ್. ಆಗ ಮೂರನೆಯವಳು ಬಂದು ಕಾರಣ ಬರೆದಳು. ಎ.ಎಸ್‌.ವಿ. ಕೆಲಸ ಮಾಡುವುದು ಹಾವು ಬಿಟ್ಟ ವಿಷದ ಮೇಲೆ. ಕಚ್ಚಿಸಿಕೊಂಡದ್ದು ಮಗು ಅಂತ ಹಾವು ವಿಷ ಕಡಿಮೆ ಬಿಡುವುದಿಲ್ಲ. ಹಾಗಾಗಿ ಅದನ್ನು ತಟಸ್ಥ ಮಾಡುವ ಔಷಧಿಯೂ ಕಡಿಮೆ ಆಗುವಂತಿಲ್ಲ.

ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ಬರೆದುಕೊಳ್ಳುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ತಾವೇ ತಪ್ಪು ಬರೆದು, ಒಬ್ಬರು ಕೇಳಿ, ಇನ್ನೊಬ್ಬರು ಕಾರಣ ಹುಡುಕಿದ್ದನ್ನು ಆ ಗುಂಪು ಮರೆಯುವುದಿಲ್ಲ. ಆ ಪುಟ ಪೂರ್ತಿಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಟ್ಟದ್ದು ‘ಇದು ಎಲ್ಲಿದೆ?’ ಅನ್ನುವ ಆ ಎರಡು ಪದಗಳಿಗೆ. ಮುಗಿದ ಪುಟದಲ್ಲಿ ಅವು ಕಾಣುವುದೇ ಇಲ್ಲ. ಅಂಕದ ವಿಷಯ ಬಂದಾಗ ಇದನ್ನು ನೆನಪಿಡಿ.

ಮೈಸೂರಿನಲ್ಲಿ ಈ ಥರ ಮಾಡಲು ಬೇಕಾದ್ದೆಲ್ಲ ಇದೆ. 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಇದೆ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಕಾಲೇಜುಗಳಿವೆ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಪಾರ್ಶ್ವವಾಯು ಆಗಿ ನುಂಗಲು ಕಷ್ಟ ಪಡುವ ಒಬ್ಬ ರೋಗಿಗೆ ಇವರೆಲ್ಲರೂ ಬೇಕು. ಆದರೆ ಆ ಒಬ್ಬ ರೋಗಿಯ ಮನೆ ಆರೈಕೆಯ ಹಾಳೆಯನ್ನು ಇವರೆಲ್ಲರ ವಿದ್ಯಾರ್ಥಿಗಳು ಸೇರಿ ಬರೆಯುವುದು ಅಪರೂಪ. ಟೈಂ ಟೇಬಲ್ ಒಂದಕ್ಕೊಂದು ಹೊಂದುವುದಿಲ್ಲ, ಒಂದು ಕಡೆ ಕೂರಿಸಲು ಆಗುವುದಿಲ್ಲ. ಆನ್‌ಲೈನ್ ಪುಟದ ನಿಜವಾದ ಲಾಭ ಇಲ್ಲಿದೆ. ಮಂಡ್ಯದಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆಯಲ್ಲ. ಮುಂದೆ ಯಾವಾಗಲಾದರೂ ಅಲ್ಲಿನ ಅಧ್ಯಾಪಕರೊಬ್ಬರನ್ನು ಕೇಳಿ ನೋಡಿ.

ನಿಮ್ಮಲ್ಲಿ ಎಲ್ಲಿ ಎಡವಿತು

12 ಜನರ ಗುಂಪು ತೀರಾ ದೊಡ್ಡದು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಶ್ರಮ ಕಡಿಮೆ ಆಗುತ್ತದೆ ಅನ್ನುವುದು ಹಳೆಯ ಸಂಗತಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಇದನ್ನು ಅಳೆದರು. 1913ರಲ್ಲಿ ಅದು ಪ್ರಕಟವಾಯಿತು. ಎಳೆಯುವವರು ಹೆಚ್ಚಾದಂತೆ ಒಟ್ಟು ಬಲ ಜಾಸ್ತಿ ಆಗುತ್ತಿತ್ತು, ಆದರೆ ತಲಾ ಬಲ ಕಡಿಮೆ ಆಗುತ್ತಿತ್ತು. ಹಾಗಾಗಿ ನಿಮ್ಮ ಮಕ್ಕಳನ್ನು ಸೋಮಾರಿಗಳು ಅನ್ನಬೇಡಿ. 12 ಜನರಲ್ಲಿ ಒಬ್ಬರಾದರೆ ನೀವೂ ನಾನೂ ಹಾಗೇ ಮಾಡಿಯೇವು. ಐದು ಜನ ಇಡಿ, 60 ಮಕ್ಕಳಿಗೆ 12 ಗುಂಪು ಆಗುತ್ತದೆ. ನಾಲ್ಕಕ್ಕಿಂತ ಕಡಿಮೆ ಬೇಡ, ಇಬ್ಬರು ರಜೆ ಹಾಕಿದರೆ ಗುಂಪೇ ಇರುವುದಿಲ್ಲ.

ಎರಡನೆಯದು ಆ ಲಿಂಕ್. ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಅಂತ ಇಟ್ಟರೆ, ಲಾಗಿನ್ ಆಗದೆ ಬಂದವರು ಅನಾಮಧೇಯರಾಗಿ ಕಾಣುತ್ತಾರೆ. ಯಾರು ಬರೆದರು, ಯಾರು ಅಳಿಸಿದರು ಹಿಸ್ಟರಿಯಲ್ಲಿ ಸಿಗುವುದಿಲ್ಲ. ನಿಮಗೆ ಬಂದ ಜಗಳ ಬಿಡಿಸಲು ಸಾಕ್ಷಿಯೇ ಇಲ್ಲದೆ ಹೋಯಿತು. ಪ್ರತಿ ವಿದ್ಯಾರ್ಥಿಯ ಇ-ಮೇಲ್ ಸೇರಿಸಿ ಅವರಿಗಷ್ಟೇ ಅನುಮತಿ ಕೊಡಿ. ಡಾಕ್ಯುಮೆಂಟನ್ನು ನೀವೇ ಶುರು ಮಾಡಿ, ಆಗ ಮಾಲೀಕತ್ವ ನಿಮ್ಮ ಹತ್ತಿರ ಇರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಓದುವವರು. ‘ಹಾವು ಕಡಿತದ ಬಗ್ಗೆ ಬರೆಯಿರಿ’ ಅಂದರೆ ಯಾರಿಗಾಗಿ? ಮೇಡಂಗಾಗಿ. ಮೇಡಂಗಾಗಿ ಬರೆಯುವುದು ಹೇಗೆ ಎಂದು ಮಕ್ಕಳಿಗೆ ಗೊತ್ತು: ಪುಸ್ತಕದಿಂದ ಇಳಿಸುವುದು. ಬದಲಿಗೆ ಹೀಗೆ ಹೇಳಿ ನೋಡಿ. ವಿ.ಸಿ. ನಾಲೆ ಬಯಲಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಕಬ್ಬು ಕಡಿಯುವವರಿಗೆ ಓದಿ ಹೇಳಲು ಒಂದು ಹಾಳೆ ಬೇಕು, ಎರಡು ನಿಮಿಷದಲ್ಲಿ ಮುಗಿಯಬೇಕು. ಈಗ ಮಕ್ಕಳ ನಡುವೆ ಬೇರೆ ಥರದ ಪ್ರಶ್ನೆ ಹುಟ್ಟುತ್ತದೆ. ‘ಟೂರ್ನಿಕೆಟ್ ಬಳಸಬಾರದು’ ಎಂದು ಬರೆದರೆ ಹಳ್ಳಿಯ ಅಜ್ಜಿಗೆ ಅರ್ಥ ಆಗುತ್ತದಾ? ‘ಹಗ್ಗ, ಟವೆಲ್ಲು ಏನನ್ನೂ ಬಿಗಿಯಾಗಿ ಕಟ್ಟಬೇಡಿ’ ಎಂದು ಬರೆಯಬೇಕು. ಕೈ ಊದುವ ಮೊದಲು ಬಳೆ, ಉಂಗುರ ತೆಗೆಯಿರಿ, ಕಾಲಾದರೆ ಕಾಲುಂಗುರ ತೆಗೆಯಿರಿ. ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದರೆ ಗಾಯದ ಗುರುತೇ ಕಾಣದೆ ಇರಬಹುದು, ನೋವೂ ಇರದೆ ಹೋಗಬಹುದು. ಬೆಳಗ್ಗೆ ಕಣ್ಣು ರೆಪ್ಪೆ ಎತ್ತಲು ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಇಷ್ಟನ್ನು ಸರಿಯಾಗಿ ಬರೆಯಬೇಕಾದರೆ ಪುಸ್ತಕದ ಆ ಅಧ್ಯಾಯವನ್ನು ನಾಲ್ಕು ಸಲ ಓದಬೇಕಾಗುತ್ತದೆ.

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಯಾಕೆ ವರದಿ ಮಾಡಬೇಕು, ಕಚ್ಚಿದ ಸಮಯ ಬರೆದುಕೊಳ್ಳುವುದು ಯಾಕೆ ಮುಖ್ಯ ಅನ್ನುವುದನ್ನು ಒಂದು ಗುಂಪಿಗೆ ಕೊಡಬಹುದು. ಎಲ್ಲ ಗುಂಪಿಗೂ ಒಂದೇ ವಿಷಯ ಬೇಡ. ಮಂಡಲದ ಹಾವಿನ ಕಡಿತಕ್ಕೆ ರಕ್ತ ಹೆಪ್ಪುಗಟ್ಟುತ್ತದಾ ಎಂದು ನೋಡುವ 20 ನಿಮಿಷದ ಪರೀಕ್ಷೆ ಒಂದು ಗುಂಪಿಗೆ, ಎ.ಎಸ್‌.ವಿ. ಹೋಗುವಾಗ ನರ್ಸ್ ಗಮನಿಸಬೇಕಾದ್ದು ಇನ್ನೊಂದು ಗುಂಪಿಗೆ.

ಅಳಿಸುವುದು, ಅಂಟಿಸುವುದು

ಅಳಿಸಿದ ಜಗಳಕ್ಕೆ ಸರಳ ನಿಯಮ ಇದೆ. ಇನ್ನೊಬ್ಬರು ಬರೆದದ್ದನ್ನು ನೇರವಾಗಿ ಅಳಿಸುವಂತಿಲ್ಲ. ‘ಸಜೆಸ್ಟಿಂಗ್’ನಲ್ಲಿ ಇಟ್ಟು ತಿದ್ದಬೇಕು, ಪಕ್ಕದಲ್ಲಿ ಕಾರಣ ಒಂದು ಸಾಲು ಬರೆಯಬೇಕು. ಬರೆದವರು ಒಪ್ಪಬಹುದು, ಇಲ್ಲವೇ ಮರುಮಾತು ಬರೆಯಬಹುದು. ಒಮ್ಮತಕ್ಕೆ ಬರದಿದ್ದರೆ ನಿಮ್ಮನ್ನು ಕರೆಯಲಿ. ಆ ಹುಡುಗಿಗೆ ಹೇಳಿ, ಅವಳು ಬರೆದದ್ದು ಹಿಸ್ಟರಿಯಲ್ಲಿ ಇನ್ನೂ ಇರುತ್ತದೆ, ವಾಪಸ್ ತರಬಹುದು. ಅದು ಗೊತ್ತಾದರೆ ಅರ್ಧ ದುಃಖ ಕಡಿಮೆ ಆಗುತ್ತದೆ.

ಅಂಟಿಸಿದ ಗುಂಪಿನ ವಿಷಯ ಸ್ವಲ್ಪ ಸೂಕ್ಷ್ಮ. ಈಗ ಚಾಟ್‌ಜಿಪಿಟಿ ಕೇಳಿದರೆ ಐದು ಸೆಕೆಂಡಿಗೆ ಎರಡು ಪುಟ ಬರುತ್ತದೆ. ಹಿಸ್ಟರಿ ನೋಡಿದರೆ ಒಂದೇ ಸಲಕ್ಕೆ 400 ಪದ ಬಂದು ಬಿದ್ದಿರುವುದು ಕಾಣುತ್ತದೆ. ಆದರೆ ಅಷ್ಟಕ್ಕೇ ‘ನಕಲು’ ಅಂತ ತೀರ್ಪು ಕೊಡಬೇಡಿ. ಹಾಸ್ಟೆಲ್‌ನಲ್ಲಿ ನೆಟ್ ಸರಿ ಇಲ್ಲದವರು ಫೋನ್ ನೋಟ್ಸ್‌ನಲ್ಲಿ ಬರೆದಿಟ್ಟು ಆಮೇಲೆ ಅಂಟಿಸುತ್ತಾರೆ. ಅದು ಪ್ರಾಮಾಣಿಕ ಕೆಲಸ. ವ್ಯತ್ಯಾಸ ತಿಳಿಯಲು ಕೂರಿಸಿ ಕೇಳಿ: ‘ಈ ವಾಕ್ಯ ಎಲ್ಲಿಂದ ಬಂತು? ಹಾಗೆ ಯಾಕೆ ಮಾಡಬೇಕು?’ ತಾನೇ ಬರೆದವರಿಗೆ ಎರಡು ಮಾತು ಬರುತ್ತದೆ. ಪುಟದ ಪ್ರತಿ ಮುಖ್ಯ ಮಾತಿಗೂ ಮೂಲ ಯಾವುದು ಎಂದು ಕಾಮೆಂಟ್‌ನಲ್ಲಿ ಹಾಕಬೇಕು ಅನ್ನುವ ನಿಯಮ ಇಟ್ಟರೆ ಅಂಟಿಸುವುದು ಲಾಭದ ಕೆಲಸವಾಗಿ ಉಳಿಯುವುದಿಲ್ಲ. ಮಷೀನ್ ಕೊಟ್ಟ ಉತ್ತರದಲ್ಲಿ ಡೋಸ್ ತಪ್ಪಿರಬಹುದು, ಮೂಲವೇ ಇರದೆ ಹೋಗಬಹುದು. ಅದನ್ನು ಮಕ್ಕಳೇ ಹುಡುಕಿ ಹಿಡಿಯಲಿ. ಅದೂ ಒಂದು ಒಳ್ಳೆಯ ಅಭ್ಯಾಸ.

ಸುಮ್ಮನೆ ಕೂತ ಮಕ್ಕಳು

ಕನ್ನಡ ಮೀಡಿಯಂ ಮಕ್ಕಳು ಬರೆಯಲಿಲ್ಲ ಅಂದಿರಿ. ಪುಟ ಇಂಗ್ಲಿಷಿನಲ್ಲಿ ಇತ್ತಾ? ಇದ್ದರೆ ಕಾರಣ ಅಲ್ಲೇ ಇದೆ. ತಮ್ಮ ತಪ್ಪು ಇಂಗ್ಲಿಷು ಎಲ್ಲರ ಕಣ್ಣ ಮುಂದೆ, ಹೆಸರಿನ ಸಮೇತ ಕಾಣುತ್ತದೆ. ಮಾತಾಡುವಾಗ ಆದ ತಪ್ಪು ಗಾಳಿಗೆ ಹೋಗುತ್ತದೆ, ಇಲ್ಲಿ ಹಾಗಲ್ಲ. ಜನರಿಗೆ ಕೊಡುವ ಹಾಳೆ ಹೇಗೂ ಕನ್ನಡದಲ್ಲೇ ಇರಬೇಕು. ಅದನ್ನು ಮೊದಲಿನಿಂದ ಕನ್ನಡದಲ್ಲೇ ಬರೆಸಿ. ಆಗ ಮಳವಳ್ಳಿ, ನಾಗಮಂಗಲ ಕಡೆಯ ಹಳ್ಳಿ ಮಕ್ಕಳೇ ಗುಂಪಿಗೆ ದೊಡ್ಡ ಆಸ್ತಿ ಆಗುತ್ತಾರೆ. ಹಾವು ಕಚ್ಚಿದರೆ ಊರಿನಲ್ಲಿ ಮೊದಲು ಏನು ಮಾಡುತ್ತಾರೆ, ಯಾರ ಹತ್ತಿರ ಓಡುತ್ತಾರೆ ಅನ್ನುವುದು ಅವರಿಗೆ ಗೊತ್ತು. ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಅದು ಗೊತ್ತಿರುವುದಿಲ್ಲ. ನನ್ನ ಅನುಭವದಲ್ಲಿ ಗುಂಪಿನೊಳಗಿನ ದನಿ ಬದಲಾಗುವುದು ಈ ಒಂದು ಬದಲಾವಣೆಯಿಂದಲೇ.

ಒಂದು ತಾಂತ್ರಿಕ ಕಿರಿಕಿರಿ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಗೂಗಲ್ ಡಾಕ್ಸ್‌ಗೆ ಅಂಟಿಸಿದರೆ ಅಕ್ಷರವೆಲ್ಲ ಕೆಟ್ಟು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಬೇಕು. ಫೋನಿನ ಕನ್ನಡ ಕೀಬೋರ್ಡ್ ಯೂನಿಕೋಡ್‌ನಲ್ಲೇ ಇರುತ್ತದೆ, ಅದರಲ್ಲಿ ಮಾತಾಡಿ ಬರೆಸುವ ಸೌಲಭ್ಯವೂ ಇದೆ. ಫೋನ್ ಇಲ್ಲದ ಮಕ್ಕಳು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಹೇಳಿಕೊಳ್ಳುವುದಿಲ್ಲ. ವಾರಕ್ಕೆ ಒಂದು ಗಂಟೆ ಲ್ಯಾಬ್ ತೆರೆದಿಡಿ, ಎಲ್ಲರಿಗೂ ಅಂತಲೇ ಹೇಳಿ.

ಅಂಕ, ಮತ್ತು ಪ್ರಿನ್ಸಿಪಾಲರು

ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ದುಡಿದವರಿಗೆ ಅನ್ಯಾಯ. ಯಾರು ಎಷ್ಟು ಪದ ಬರೆದರು ಎಂದು ಎಣಿಸಿ ಕೊಟ್ಟರೆ ಇನ್ನೂ ಕೆಟ್ಟದು, ಸುಮ್ನೆ ಪುಟ ತುಂಬಿಸುತ್ತಾರೆ. ‘ಇದು ಎಲ್ಲಿದೆ?’ ಎಂದು ಕೇಳಿದ ಹುಡುಗನಿಗೆ ಎರಡು ಪದದ ಅಂಕ ಬರುತ್ತದೆ! ನಾನು ಮಾಡುವುದು ಹೀಗೆ. ಅರ್ಧ ಅಂಕ ಮುಗಿದ ಪುಟಕ್ಕೆ, ಅದು ಗುಂಪಿಗೆಲ್ಲ ಸಮ. ಉಳಿದ ಅರ್ಧ ಒಬ್ಬೊಬ್ಬರದು. ಅದರಲ್ಲಿ ಸ್ವಲ್ಪ ಹಿಸ್ಟರಿ ಮತ್ತು ಕಾಮೆಂಟ್ ನೋಡಿ, ಹೆಚ್ಚು ಪಾಲು ಸಣ್ಣ ವೈವಾಕ್ಕೆ. ವೈವಾದಲ್ಲಿ ಪುಟದ ಯಾವ ಸಾಲನ್ನು ಬೇಕಾದರೂ ಕೇಳುತ್ತೇನೆ, ಅದು ಅವರೇ ಬರೆದದ್ದು ಆಗಿರಬೇಕಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಆಗ ಪುಟದಲ್ಲಿ ಹೆಸರು ಇರುವ ಪ್ರತಿಯೊಬ್ಬರೂ ಇಡೀ ಪುಟ ಓದಲೇಬೇಕು. ಹಂಚಿಕೊಂಡು ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

ಇದರಲ್ಲಿ ಅಪಾಯವೂ ಇದೆ. ಹಿಸ್ಟರಿ ನೋಡುತ್ತಾರೆ ಅಂತ ಗೊತ್ತಾದರೆ ಕೆಲವರು ನೀವು ನೋಡಲಿ ಅಂತಲೇ ಅಲ್ಪವಿರಾಮ ತಿದ್ದುತ್ತಾ ಕೂರುತ್ತಾರೆ. ಕೆಲವರು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿ ಗೆಳತಿಯ ಕೈಯಲ್ಲಿ ಬರೆಸುತ್ತಾರೆ, ಅವರ ಹೆಸರೇ ಬರುವುದಿಲ್ಲ. ವೈವಾಕ್ಕೆ ಹೆಚ್ಚು ತೂಕ ಇಡಿ ಅನ್ನುವುದು ಅದಕ್ಕೇ. ನಿಮ್ಮ ಸಮಯದ ಪ್ರಶ್ನೆಯೂ ಇದೆ. 12 ಪುಟಗಳನ್ನು ಕೊನೆಯಲ್ಲಿ ಒಂದೇ ಸಲ ಓದಿದರೆ ಸುಸ್ತಾಗುತ್ತದೆ, ಮಕ್ಕಳಿಗೂ ಲಾಭ ಇಲ್ಲ. ನಡುವೆ ಒಂದು ಸಲ ಪ್ರತಿ ಪುಟಕ್ಕೂ ಹತ್ತು ನಿಮಿಷ ಕೊಟ್ಟು, ಒಂದೆರಡು ಪ್ರಶ್ನೆ ಮಾತ್ರ ಕಾಮೆಂಟ್ ಹಾಕಿ. ಉತ್ತರ ನೀವು ಬರೆಯಬೇಡಿ. ಮೇಡಂ ಬಂದು ಓದುತ್ತಾರೆ ಅನ್ನುವುದು ಗೊತ್ತಾದರೆ ಪುಟಕ್ಕೆ ಜೀವ ಬರುತ್ತದೆ.

ಪ್ರಿನ್ಸಿಪಾಲರ ಮಾತನ್ನು ತಳ್ಳಿಹಾಕಬೇಡಿ. ಕೂಡಿ ಬರೆದರೆ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬರುತ್ತದೆ ಅಂತ ಅವರಿಗೆ ಭರವಸೆ ಕೊಡಲೂಬೇಡಿ. ಆರೋಗ್ಯ ಕ್ಷೇತ್ರದಲ್ಲಿ ಹಲವರು ಸೇರಿ ಬರೆಯುವ ವಿಕಿ, ಗೂಗಲ್ ಡಾಕ್ಸ್ ಥರದ ಸಾಧನಗಳ ಬಗ್ಗೆ ಬಂದ ಅಧ್ಯಯನಗಳನ್ನು ಕೆನಡಾದ ಸಂಶೋಧಕರು ಒಟ್ಟು ಮಾಡಿ 2013ರಲ್ಲಿ ಪ್ರಕಟಿಸಿದರು. ಒಳ್ಳೆಯ ಅನುಭವ ಹೇಳುವ ಅಧ್ಯಯನಗಳು ಬೇಕಾದಷ್ಟಿದ್ದವು. ಹೋಲಿಸಿ ಅಳೆದು ನೋಡಿದ ಗಟ್ಟಿ ಪ್ರಯೋಗಗಳು ಕಡಿಮೆ. ಮಕ್ಕಳು ಖುಷಿಪಟ್ಟರು ಅನ್ನುವುದು ಬೇರೆ, ಹೆಚ್ಚು ಕಲಿತರು ಅನ್ನುವುದು ಬೇರೆ. ನೀವು ಪ್ರಿನ್ಸಿಪಾಲರಿಗೆ ಹೇಳಬಹುದಾದ ಮಾತು ಇಷ್ಟು: ನರ್ಸಿಂಗ್ ಕೌನ್ಸಿಲ್‌ನ ಹೊಸ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಬರಹದ ಅಸೈನ್‌ಮೆಂಟ್‌ಗೂ ಗುಂಪಿನ ಪ್ರಾಜೆಕ್ಟ್‌ಗೂ ಇಂಟರ್ನಲ್ಸ್‌ನಲ್ಲಿ ಹೇಗೂ ಜಾಗ ಇದೆ. ಅದೇ ಅಸೈನ್‌ಮೆಂಟನ್ನು ಹೀಗೆ ಮಾಡಿಸುತ್ತೇನೆ, ಹೆಚ್ಚಿನ ಕೆಲಸ ಹೇರುತ್ತಿಲ್ಲ. ಮತ್ತೆ ಕಾಲ ನೋಡಿ ಮಾಡಿ. ಪರೀಕ್ಷೆಗೆ ತಿಂಗಳು ಇರುವಾಗ ಬೇಡ. ಸೆಮಿಸ್ಟರ್ ಶುರುವಾದ ಎರಡನೇ ಮೂರನೇ ವಾರದಲ್ಲಿ ಕೊಟ್ಟು, ಮೂರು ವಾರದಲ್ಲಿ ಮುಗಿಸಿ.

ವಿಕಿಪೀಡಿಯಕ್ಕೆ ಹಾಕಬಹುದಾ?

ಹಾಕಬಹುದು, ಈ ಸಲ ಬೇಡ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಮೆಡಿಕಲ್ ಶಾಲೆ 2013ರಿಂದ ಕೊನೆಯ ವರ್ಷದವರಿಗೆ ಇದನ್ನೇ ಒಂದು ತಿಂಗಳ ಐಚ್ಛಿಕ ಕೋರ್ಸ್ ಮಾಡಿತು. ವಿದ್ಯಾರ್ಥಿಗಳು ಆರೋಗ್ಯದ ಪುಟಗಳನ್ನು ತಿದ್ದಿ ಕ್ರೆಡಿಟ್ ಪಡೆದರು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದಕ್ಕೆ ಒಳ್ಳೆಯ ಆರೋಗ್ಯ ಬರಹ ಖಂಡಿತ ಬೇಕು.

ಆದರೆ ಅದರ ನಿಯಮ ಬೇರೆ. ವೈದ್ಯಕೀಯ ಮಾತಿಗೆ ಒಂದು ಅಧ್ಯಯನ ತೋರಿಸಿದರೆ ಸಾಲದು, ಹಲವು ಅಧ್ಯಯನಗಳನ್ನು ಪರಿಶೀಲಿಸಿ ಬರೆದ ವಿಮರ್ಶೆ ಅಥವಾ ಮಾರ್ಗಸೂಚಿ ಬೇಕು ಎಂದು ಇಂಗ್ಲಿಷ್ ವಿಕಿಪೀಡಿಯ ಕೇಳುತ್ತದೆ. ಸ್ವಂತ ಅನುಭವ, ವಾರ್ಡಿನ ಕೇಸು ಹಾಕುವಂತಿಲ್ಲ. ಹಾಕಿದ ಮೇಲೆ ಅದು ನಿಮ್ಮದಲ್ಲ, ಯಾರು ಬೇಕಾದರೂ ತಿದ್ದುತ್ತಾರೆ, ಬಳಸಿಕೊಳ್ಳುತ್ತಾರೆ. ಮೂರು ವಾರ ಕಷ್ಟಪಟ್ಟು ಬರೆದದ್ದನ್ನು ಗೊತ್ತಿಲ್ಲದ ಯಾರೋ ಒಂದು ಗಂಟೆಯಲ್ಲಿ ಹಿಂತೆಗೆದರೆ ಮಕ್ಕಳು ಕುಗ್ಗಿಹೋಗುತ್ತಾರೆ. ಕನ್ನಡದಲ್ಲಿ ಇದಕ್ಕೆ ಉಲ್ಟಾ ಅಪಾಯ ಇದೆ. ಗಮನಿಸಿ ತಿದ್ದುವ ಕೈಗಳು ಕಡಿಮೆ, ಹಾಗಾಗಿ ತಪ್ಪು ಡೋಸ್ ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಅದನ್ನು ನೋಡಿ ಯಾರೋ ಏನೋ ಮಾಡಿಕೊಂಡರೆ? ಮೊದಲು ಒಳಗಿನ ಪುಟದಲ್ಲಿ ಒಂದೆರಡು ಬ್ಯಾಚ್ ಪಳಗಲಿ. ಆಮೇಲೆ ಆಸಕ್ತಿ ಇರುವ ಐದಾರು ಜನರ ಜತೆ ಕನ್ನಡ ವಿಕಿಪೀಡಿಯಕ್ಕೆ ಹೋಗಿ, ಇಡೀ ಕ್ಲಾಸನ್ನು ಕರೆದುಕೊಂಡು ಹೋಗಬೇಡಿ.

ಕಾಲೇಜಿನಲ್ಲಿ ಮೂಡಲ್ ಅನ್ನುವ ಆನ್‌ಲೈನ್ ಪಾಠದ ತಂತ್ರಾಂಶ ಇದ್ದರೆ ಅದರಲ್ಲೇ ವಿಕಿ ಅನ್ನುವ ಸೌಲಭ್ಯ ಇದೆ. ಮಾಹಿತಿ ಕಾಲೇಜಿನ ಸರ್ವರಿನಲ್ಲೇ ಉಳಿಯುವ ಹಾಗೆ ಮಾಡಿಕೊಳ್ಳಬಹುದು, ಅದು ದೊಡ್ಡ ಅನುಕೂಲ. ಆದರೆ ಫೋನಿನಲ್ಲಿ ಬಳಸುವುದು ಕಷ್ಟ, ನೋಡಿಕೊಳ್ಳುವವರು ಒಬ್ಬರು ಬೇಕು. ಅವರು ಇಲ್ಲದಿದ್ದರೆ ಗೂಗಲ್ ಡಾಕ್ಸ್ ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಬರೆಸಬೇಡಿ. ಅಲ್ಲಿ ಮಾತು ಮೇಲೆ ಹೋಗುತ್ತಾ ಇರುತ್ತದೆ, ತಿದ್ದಿದ ಜಾಡು ಸಿಗುವುದಿಲ್ಲ.

ಕೊನೆಗೆ, ಹಾಳೆ ಚೆನ್ನಾಗಿ ಬಂದರೆ ಹಳ್ಳಿಗೆ ಕೊಡಿ, ಆದರೆ ನೇರವಾಗಿ ಕೊಡಬೇಡಿ. ಮೊದಲು ನೀವು ಪೋಸ್ಟಿಂಗ್ ಹೋಗುವ ಪಿ.ಎಚ್‌.ಸಿ.ಯ ವೈದ್ಯಾಧಿಕಾರಿಗೆ ತೋರಿಸಿ, ತಿದ್ದಿಸಿ, ಒಪ್ಪಿಗೆ ಪಡೆಯಿರಿ. ಆಮೇಲೆ ಒಬ್ಬ ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು ಮಕ್ಕಳ ಮುಂದೆ ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಮಕ್ಕಳು ಅಲ್ಲೇ ಗುರುತು ಹಾಕಿಕೊಂಡು, ಅದೇ ಸಂಜೆ ಪುಟದಲ್ಲಿ ತಿದ್ದಲಿ. ಹಾಳೆಯ ಕೆಳಗೆ ಬರೆದ ತಿಂಗಳು, ವರ್ಷ ಇರಲಿ. ಮಾರ್ಗಸೂಚಿ ಬದಲಾಗುತ್ತದೆ. ಮುಂದಿನ ವರ್ಷದ ಬ್ಯಾಚಿಗೆ ಹೊಸ ವಿಷಯ ಕೊಡುವ ಬದಲು ಇದೇ ಪುಟಗಳನ್ನು ಕೊಟ್ಟು, ಇದರಲ್ಲಿ ಹಳತಾದದ್ದು ಏನು, ತಪ್ಪಿರುವುದು ಏನು ಎಂದು ಹುಡುಕಲು ಹೇಳಿ.